ಏರಿ ಬಲ್ಲ ನೀರಿನ ಗುಣ

ಕಾಗಿನೆಲೆಗೆ ಹೋದವರು ಸಾಮಾನ್ಯವಾಗಿ ಆದಿಕೇಶವನ ದರ್ಶನ ಮಾಡಿ, ಕನಕದಾಸರ ನೆನಪಿನ ತಾಣಗಳನ್ನು ನೋಡಿ, ಬಸ್ಸು ಹಿಡಿಯುವ ಅವಸರದಲ್ಲಿರುತ್ತಾರೆ. ಊರಿನ ದೊಡ್ಡ ಕೆರೆ ಅವರ ಕಣ್ಣಿಗೆ ಬೀಳುವುದು ಒಂದು ಚೆಂದದ ಹಿನ್ನೆಲೆಯಾಗಿ ಮಾತ್ರ. ಆದರೆ ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು, ಹಾನಗಲ್ಲು ಸೀಮೆಯ ಚರಿತ್ರೆಯನ್ನು ಗುಡಿಗಳು ಹೇಳುವಷ್ಟೇ ಕೆರೆಗಳೂ ಹೇಳುತ್ತವೆ. ಹಿರೇಕೆರೂರಿನ ಹೆಸರಿನಲ್ಲೇ ಕೆರೆ ಕೂತಿದೆ. ಹಾವೇರಿಯ ದೊಡ್ಡ ಕೆರೆಗೆ ಹೆಗ್ಗೆರೆ ಎಂದೇ ಹೆಸರು. ಗುಡಿ ಕಟ್ಟಿಸಿದವರ ಹೆಸರು ಶಾಸನದಲ್ಲಿ ಉಳಿದಿದೆ, ಶಿಲ್ಪಿಯ ಕೈಚಳಕವನ್ನು ನಾವು ಮೆಚ್ಚಿ ಮಾತಾಡುತ್ತೇವೆ. ಕೆರೆಯ ಏರಿಯನ್ನು ಮಾತ್ರ ಯಾರೋ ಒಟ್ಟಿದ ಮಣ್ಣಿನ ದಿಬ್ಬ ಎಂದುಕೊಂಡು ಅದರ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುತ್ತೇವೆ.

ಯಾವುದಾದರೂ ಹಳೆಯ ಕೆರೆಯ ಏರಿಯ ಮೇಲೆ ತುಂಬಿದ ಕಾಲದಲ್ಲಿ ಒಮ್ಮೆ ನಿಂತು ನೋಡಬೇಕು. ಒಂದು ಮಗ್ಗುಲಲ್ಲಿ ಕಣ್ಣಿಗೆ ಎಟುಕುವಷ್ಟು ನೀರು. ಇನ್ನೊಂದು ಮಗ್ಗುಲಲ್ಲಿ, ನೀರಿನ ಮಟ್ಟಕ್ಕಿಂತ ಮೂರ್ನಾಲ್ಕು ಆಳು ಕೆಳಗೆ, ಗದ್ದೆ, ತೋಟ, ಮನೆ. ನಡುವೆ ಇರುವುದು ಬರೀ ಮಣ್ಣು, ಒಂದಿಷ್ಟು ಕಲ್ಲು. ಸಿಮೆಂಟಿಲ್ಲ, ಕಬ್ಬಿಣವಿಲ್ಲ. ಐನೂರು ವರ್ಷ ಇದು ನಿಂತದ್ದು ಹೇಗೆ? ನಿಲ್ಲದೆ ಒಡೆದ ಕೆರೆಗಳು ಒಡೆದದ್ದು ಏಕೆ?

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ದ್ರವಗಳ ಯಂತ್ರಶಾಸ್ತ್ರ ಎಂಬ ಒಂದು ಪಠ್ಯ ಉಂಟು. ಅದರ ಮೊದಲ ಅಧ್ಯಾಯದಲ್ಲಿ ದ್ರವದ ಮೂಲಗುಣಗಳ ಪಟ್ಟಿ ಇರುತ್ತದೆ: ಸಾಂದ್ರತೆ, ಒತ್ತಡ, ಸ್ನಿಗ್ಧತೆ, ಮೇಲ್ಮೈ ಎಳೆತ. ವಿದ್ಯಾರ್ಥಿಗಳು ಅದನ್ನು ಉರು ಹೊಡೆದು, ಪರೀಕ್ಷೆ ಬರೆದು, ಮರೆತು ಮುಂದಿನ ಅಧ್ಯಾಯಕ್ಕೆ ಹೋಗುತ್ತಾರೆ. ಆ ಅಧ್ಯಾಯ ಪೂರ್ತಿ ಒಂದು ಹಳೆಯ ಕೆರೆಯ ಏರಿಯಲ್ಲಿ ಅಡಗಿದೆ ಎಂದರೆ ಅತಿಶಯೋಕ್ತಿಯಲ್ಲ. ಏರಿ ಕಟ್ಟಿದವರಿಗೆ ಆ ಹೆಸರುಗಳು ಗೊತ್ತಿರಲಿಲ್ಲ, ಲೆಕ್ಕವೂ ಗೊತ್ತಿರಲಿಲ್ಲ. ನೀರು ಏನು ಮಾಡುತ್ತದೆ ಎಂಬುದು ಗೊತ್ತಿತ್ತು. ಎಲ್ಲವೂ ಗೊತ್ತಿರಲಿಲ್ಲ ಎಂಬುದೂ ನಿಜ, ಮತ್ತು ಕಥೆಯಲ್ಲಿ ಹೆಚ್ಚು ಕುತೂಹಲದ ಭಾಗ ಅದೇ.

ಗಟ್ಟಿ ವಸ್ತುವಿಗೂ ದ್ರವಕ್ಕೂ ಇರುವ ವ್ಯತ್ಯಾಸದಿಂದ ಆರಂಭಿಸೋಣ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯನ್ನು ಸುರಿದರೆ ಅದು ರಾಶಿಯಾಗಿ, ಇಳಿಜಾರಾಗಿ ನಿಲ್ಲುತ್ತದೆ. ಕಾಯಿಗೆ ಕಾಯಿ ಉಜ್ಜಿ ಜಾರದಂತೆ ತಡೆಯುತ್ತದೆ. ಮಣ್ಣಿನ ರಾಶಿಯೂ ಹೀಗೆಯೇ. ನೀರನ್ನು ರಾಶಿ ಹಾಕಲಾಗದು. ನಿಂತ ನೀರಿನ ಒಂದು ಪದರಕ್ಕೆ ಇನ್ನೊಂದನ್ನು ಜಾರದಂತೆ ಹಿಡಿದಿಡುವ ಶಕ್ತಿಯಿಲ್ಲ. ಎಷ್ಟೇ ಮೆಲ್ಲಗೆ ತಳ್ಳಿದರೂ ಅದು ಜಾರುತ್ತದೆ. ಇದರಿಂದ ಎರಡು ಸಂಗತಿ ಹುಟ್ಟುತ್ತವೆ. ಒಂದು, ನೀರು ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ. ಕೋಡಿಯ ಕಲ್ಲಿನ ಎತ್ತರ ನಿಗದಿಯಾದೊಡನೆ ಮೈಲಿ ದೂರದ ಯಾವ ಹೊಲ ಮುಳುಗುತ್ತದೆ, ಯಾವುದು ಉಳಿಯುತ್ತದೆ ಎಂಬುದೂ ನಿಗದಿಯಾಗಿಬಿಡುತ್ತದೆ. ಎರಡು, ನಿಂತ ನೀರು ತನ್ನನ್ನು ಮುಟ್ಟಿದ ಪ್ರತಿಯೊಂದು ಮೈಯನ್ನೂ ನೇರವಾಗಿ ಒತ್ತುತ್ತದೆ. ಕೆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ಒತ್ತುತ್ತದೆ, ಮೇಲಕ್ಕೂ ಒತ್ತುತ್ತದೆ.

ಈ ಒತ್ತಡ ಎಷ್ಟು? ಇಲ್ಲಿ ಸಾಮಾನ್ಯ ತಿಳಿವಳಿಕೆ ಮುಗ್ಗರಿಸುತ್ತದೆ. ಹತ್ತು ಮೈಲಿ ಉದ್ದದ ಕೆರೆಯ ನೀರು ಏರಿಯನ್ನು ಹೆಚ್ಚು ನೂಕುತ್ತದೆ, ಪುಟ್ಟ ಹೊಂಡದ ನೀರು ಕಡಿಮೆ ನೂಕುತ್ತದೆ ಎಂದು ನಮಗೆ ಅನ್ನಿಸುತ್ತದೆ. ಹಾಗಿಲ್ಲ. ಒತ್ತಡ ನಿಂತಿರುವುದು ಆಳದ ಮೇಲೆ ಮಾತ್ರ. ಮೂವತ್ತು ಅಡಿ ಆಳದ ಬಾವಿಯ ತಳದಲ್ಲಿ ಎಷ್ಟು ಒತ್ತಡವೋ, ಮೂವತ್ತು ಅಡಿ ಆಳದ ಸಮುದ್ರದಂಥ ಕೆರೆಯ ತಳದಲ್ಲೂ ಹೆಚ್ಚುಕಡಿಮೆ ಅಷ್ಟೇ. ಹಾಲೆಂಡಿನ ಸೈಮನ್ ಸ್ಟೆವಿನ್ ಇದನ್ನು ಬರೆದಿಟ್ಟದ್ದು 1586ರಲ್ಲಿ. ಅವನ ನಾಡೂ ಮಣ್ಣಿನ ಒಡ್ಡುಗಳಿಂದ ನೀರನ್ನು ತಡೆದು ಬದುಕಿದ ನಾಡು ಎಂಬುದು ಗಮನಿಸಬೇಕಾದ ಸಂಗತಿ. ಫ್ರಾನ್ಸಿನ ಪಾಸ್ಕಲ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿದ. ಅವನ ಗ್ರಂಥ ಅಚ್ಚಾದದ್ದು ಅವನು ತೀರಿಕೊಂಡ ಮರುವರ್ಷ, 1663ರಲ್ಲಿ.

ಒಂದು ಘನಮೀಟರ್ ನೀರಿನ ತೂಕ ಒಂದು ಟನ್. ಹತ್ತು ಮೀಟರ್ ಆಳದ ನೀರು ಏರಿಯ ಪ್ರತಿ ಒಂದು ಮೀಟರ್ ಉದ್ದವನ್ನು ಐವತ್ತು ಟನ್ ಬಲದಿಂದ ನೂಕುತ್ತದೆ. ಆಳ ಮೂವತ್ತು ಮೀಟರಾದರೆ ಈ ಬಲ ನೂರೈವತ್ತಲ್ಲ, ನಾನೂರೈವತ್ತು ಟನ್. ಆಳ ಮೂರು ಪಟ್ಟಾದರೆ ನೂಕು ಒಂಬತ್ತು ಪಟ್ಟು. ಗೋಡೆಯಂತೆ ನೆಟ್ಟಗೆ ನಿಂತ ಕಟ್ಟೆಯಾದರೆ ಅದನ್ನು ಬುಡಮೇಲು ಮಾಡುವ ಶಕ್ತಿ ಇಪ್ಪತ್ತೇಳು ಪಟ್ಟು. ಕೆರೆಯನ್ನು ಒಂದಿಷ್ಟು ಎತ್ತರಿಸಿಬಿಡೋಣ ಎಂಬ ಮಾತು ಊರ ಕಟ್ಟೆಯ ಮೇಲೆ ಹಗುರಾಗಿ ಕೇಳಿಬರುತ್ತದೆ. ಏರಿಯ ಮಟ್ಟಿಗೆ ಅದು ಹಗುರಾದ ಮಾತಲ್ಲ.

ಈ ಲೆಕ್ಕವನ್ನು ಕಣ್ಣೆದುರು ನೋಡಬೇಕೆಂದರೆ ಕಾಗಿನೆಲೆ ಇರುವ ಹಾವೇರಿ ಜಿಲ್ಲೆಯಲ್ಲೇ ಮಾಸೂರಿಗೆ ಹೋಗಬೇಕು. ಮೊದಲು ಹಿರೇಕೆರೂರು ತಾಲ್ಲೂಕಿನಲ್ಲಿದ್ದು ಈಗ ರಟ್ಟೀಹಳ್ಳಿ ತಾಲ್ಲೂಕಿಗೆ ಸೇರಿದ ಊರು ಅದು. ಶಿಕಾರಿಪುರದ ಕಡೆಯಿಂದ ಹರಿದುಬರುವ ಕುಮುದ್ವತಿ ನದಿ ರಾಣೆಬೆನ್ನೂರು ತಾಲ್ಲೂಕಿನ ಮುದೇನೂರಿನ ಬಳಿ ತುಂಗಭದ್ರೆಯನ್ನು ಸೇರುವ ಮುನ್ನ ಮಾಸೂರಿನ ಹತ್ತಿರ ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ನುಸುಳುತ್ತದೆ. ಆ ಇಕ್ಕಟ್ಟನ್ನೇ ವಿಜಯನಗರದ ಕಾಲದಲ್ಲಿ ಏರಿ ಹಾಕಿ ಮುಚ್ಚಿದರು. ಅದೇ ಮದಗದ ಕೆರೆ. ಮದಗ ಎಂಬ ಮಾತಿಗೆ ತೂಬು, ನೀರು ಬಿಡುವ ಬಾಯಿ ಎಂಬ ಅರ್ಥವಿದೆ. ತಮಿಳಿನಲ್ಲೂ ಅದು ಮದಗು. ಕೆರೆಗೆ ಅದರ ತೂಬಿನ ಹೆಸರೇ ನಿಂತದ್ದು ಸುಮ್ಮನೆ ಅಲ್ಲ, ಅದಕ್ಕೆ ಮುಂದೆ ಬರುತ್ತೇನೆ.

1884ರ ಧಾರವಾಡ ಜಿಲ್ಲೆಯ ಗೆಜೆಟಿಯರ್ ಈ ಕೆರೆಯನ್ನು ಬೆರಗಿನಿಂದಲೇ ವರ್ಣಿಸಿದೆ. ಮುಖ್ಯ ಏರಿಯ ಎತ್ತರ ನೂರು ಅಡಿಯ ಆಸುಪಾಸು. ತಳದ ಅಗಲ ಸಾವಿರ ಅಡಿಯ ಸಮೀಪ. ಎಂದರೆ ಎತ್ತರದ ಹತ್ತು ಪಟ್ಟು ಅಗಲ. ಬ್ರಿಟಿಷ್ ಎಂಜಿನಿಯರುಗಳಿಗೆ ಇಷ್ಟು ಅಗಲ ಕಂಡು ಆಶ್ಚರ್ಯವಾಗಿದ್ದರೆ ಅದು ಸಹಜ. ನೂಕನ್ನು ತಡೆಯುವುದಕ್ಕಷ್ಟೇ ಆಗಿದ್ದರೆ ಇಷ್ಟು ಬೇಕಿರಲಿಲ್ಲ. ಲೆಕ್ಕ ಹಾಕಿ ನೋಡಬಹುದು: ಮೂವತ್ತು ಮೀಟರ್ ಎತ್ತರ, ಮುನ್ನೂರು ಮೀಟರ್ ತಳವಿರುವ ಮಣ್ಣಿನ ಏರಿಯ ಒಂದು ಮೀಟರ್ ಉದ್ದದ ಹೋಳು ಸುಮಾರು ಎಂಟು ಸಾವಿರ ಟನ್ ತೂಗುತ್ತದೆ. ಅದನ್ನು ನೂಕುವ ನೀರಿನ ಬಲ ನಾನೂರೈವತ್ತು ಟನ್. ಆನೆಯನ್ನು ಆಡಿನ ಮರಿ ಗುದ್ದಿದಂತೆ. ಹಾಗಾದರೆ ಉಳಿದ ಅಷ್ಟೊಂದು ಮಣ್ಣು ಯಾವ ಶತ್ರುವಿಗಾಗಿ?

ಇದಕ್ಕೆ ಉತ್ತರ ವಿಜಯನಗರದ ಕಾಲದ ಒಂದು ಶಾಸನದಲ್ಲಿ ಸಿಗುತ್ತದೆ. ಶಾಸನ ಇರುವುದು ಈಗಿನ ಆಂಧ್ರಪ್ರದೇಶದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ. ಬುಕ್ಕರಾಯನ ಮಗ ಭಾಸ್ಕರ ಎಂಬ ರಾಜಕುಮಾರ ಅಲ್ಲಿ ಕೆರೆ ಕಟ್ಟಿಸಿ 1369ರಲ್ಲಿ ಶಾಸನ ಹಾಕಿಸಿದ. ದಾನಶಾಸನಗಳ ನಡುವೆ ಇದೊಂದು ಅಪರೂಪದ ಬರಹ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಗಲುವ ಆರು ದೋಷಗಳನ್ನೂ ಅದು ಎಣಿಸುತ್ತದೆ. ಕೆಲಸಕ್ಕೆ ಹಿಡಿದದ್ದು ಎರಡು ವರ್ಷ, ದುಡಿದವರು ಸಾವಿರ ಆಳು, ಕಲ್ಲು ಸಾಗಿಸಿದ್ದು ನೂರು ಬಂಡಿ ಎಂದೂ ಹೇಳುತ್ತದೆ. ಹನ್ನೆರಡು ಅಂಗಗಳಲ್ಲಿ ಜಲಶಾಸ್ತ್ರ ಬಲ್ಲ ವಿದ್ವಾಂಸನೂ ಒಬ್ಬ, ಏರಿ ಕಟ್ಟುವುದರಲ್ಲಿ ಪಳಗಿದ ಜನರ ಗುಂಪೂ ಒಂದು. ಗಟ್ಟಿ ನೆಲ ಬೇಕು, ಗುಡ್ಡಗಳ ನಡುವೆ ತೀರ ಉದ್ದವಲ್ಲದ ಗಟ್ಟಿ ಕಲ್ಲಿನ ಏರಿ ಬೇಕು ಎಂಬುದು ಮಾಸೂರಿನ ಜಾಗವನ್ನು ನೋಡಿಯೇ ಬರೆದಂತಿದೆ. ಆರು ದೋಷಗಳಲ್ಲಿ ನೀರು ಕಡಿಮೆ ನೆಲ ಹೆಚ್ಚು, ನೆಲ ಕಡಿಮೆ ನೀರು ಹೆಚ್ಚು, ಚೌಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು ಇವೆಲ್ಲ ಬರುತ್ತವೆ. (ಕೊನೆಯದನ್ನು ಓದಿದಾಗ ನಮ್ಮ ಕಾಲದ ನದಿ ನ್ಯಾಯಮಂಡಲಿಗಳು ನೆನಪಾಗದೆ ಇರವು.) ಇವುಗಳ ಜೊತೆಗೆ ಶಾಸನ ಹೆಸರಿಸುವ ಇನ್ನೊಂದು ದೋಷ, ಏರಿಯಿಂದ ನೀರು ಜಿನುಗುವುದು.

ಅಗಲವಾದ ತಳದ ಶತ್ರು ಇದೇ. ಕೆರೆಯ ನೀರು ಏರಿಯನ್ನು ನೂಕಿ ಬೀಳಿಸುವುದು ಅಪರೂಪ. ಅದು ಏರಿಯ ಒಳಗೆ ಇಂಗುತ್ತದೆ, ಹಾದಿ ಹುಡುಕುತ್ತದೆ, ಆಚೆ ಮಗ್ಗುಲಲ್ಲಿ ಹೊರಬರುತ್ತದೆ. ಹೊರಬರುವಾಗ ಒಂದೊಂದೇ ಮಣ್ಣಿನ ಕಣವನ್ನು ಹೊತ್ತು ತರುತ್ತದೆ. ಕಣ ಹೋದ ಜಾಗದಲ್ಲಿ ಹಾದಿ ಅಗಲವಾಗುತ್ತದೆ, ಹರಿವು ಹೆಚ್ಚುತ್ತದೆ, ಇನ್ನಷ್ಟು ಕಣ ಹೋಗುತ್ತದೆ. ಹೀಗೆ ಆಚೆಯಿಂದ ಈಚೆಗೆ, ಕೆರೆಯ ಕಡೆಗೆ, ಒಳಗೊಳಗೇ ಒಂದು ಕೊಳವೆ ಕೊರೆಯುತ್ತಾ ಬರುತ್ತದೆ. ವರ್ಷಗಟ್ಟಲೆ ಏನೂ ಕಾಣದು. ಕೊಳವೆ ಕೆರೆಯನ್ನು ಮುಟ್ಟಿದ ದಿನ ಎಲ್ಲವೂ ಕೆಲವು ತಾಸಿನಲ್ಲಿ ಮುಗಿದುಹೋಗುತ್ತದೆ.

ಇದನ್ನು ತಡೆಯುವುದು ನೀರಿನ ಇನ್ನೊಂದು ಗುಣ, ಸ್ನಿಗ್ಧತೆ. ಹರಿಯುವಾಗ ಪದರಕ್ಕೆ ಪದರ ತಗುಲಿ ಆಗುವ ಎಳೆತ ಎಂದು ಇದನ್ನು ತಿಳಿಯಬಹುದು. ಜೇನು ನೀರಿಗಿಂತ ಸಾವಿರಾರು ಪಟ್ಟು ಸ್ನಿಗ್ಧ. ಬ್ಯಾಡಗಿ ಮೆಣಸಿನಕಾಯಿಯಿಂದ ತೆಗೆಯುವ, ಓಲಿಯೊರೆಸಿನ್ ಎಂಬ ಕೆಂಪು ಸಾರವೂ ಹೀಗೆಯೇ ಮಂದವಾಗಿ ಇಳಿಯುವಂಥದ್ದು. ನೀರಿನ ಸ್ನಿಗ್ಧತೆ ಅಲ್ಪ. ಆದರೆ ಹಾದಿ ಸಣ್ಣದಾದಷ್ಟೂ ಆ ಅಲ್ಪವೇ ದೊಡ್ಡದಾಗುತ್ತದೆ. ಫ್ರೆಂಚ್ ವೈದ್ಯ ಪ್ವಾಸೇಯ್ 1840ರ ದಶಕದಲ್ಲಿ ಕಂಡುಕೊಂಡಂತೆ, ನಳಿಕೆಯ ಅಡ್ಡಗಲವನ್ನು ಅರ್ಧ ಮಾಡಿದರೆ ಅದರಲ್ಲಿ ಹರಿಯುವುದು ಅರ್ಧವಲ್ಲ, ಹದಿನಾರರಲ್ಲಿ ಒಂದು ಪಾಲು. ಅವನು ಯೋಚಿಸುತ್ತಿದ್ದದ್ದು ರಕ್ತನಾಳಗಳ ಬಗ್ಗೆ. ಎರೆಮಣ್ಣಿನ ಸಂದುಗಳಿಗೂ ನಿಯಮ ಅದೇ. ಮರಳಿನ ಸಂದಿನಲ್ಲಿ ಸಲೀಸಾಗಿ ಓಡುವ ನೀರು ಜೇಡಿಯ ಸಂದಿನಲ್ಲಿ ತೆವಳುತ್ತದೆ. ಆದ್ದರಿಂದ ಆಯ್ದ ಜೇಡಿಮಣ್ಣನ್ನು ತಂದು, ನೀರು ಚಿಮುಕಿಸಿ, ಜನ ದನ ತುಳಿದು ಗಟ್ಟಿ ಮಾಡುವುದು ಏರಿ ಕೆಲಸದ ಜೀವಾಳ. ತುಳಿದಾಗ ಸಂದುಗಳು ಮುಚ್ಚುತ್ತವೆ. ಇಂದು ಇದೇ ಕೆಲಸಕ್ಕೆ ಬಳಸುವ, ಮೈಮೇಲೆ ಗೊರಸುಗಳಿದ್ದಂತೆ ಕಾಣುವ ಯಂತ್ರಕ್ಕೆ ಶೀಪ್‌ಫೂಟ್ ರೋಲರ್, ಎಂದರೆ ಕುರಿಗಾಲಿನ ರೋಲರ್ ಎಂದೇ ಹೆಸರಿದೆ. ಈ ಕೆಲಸದಲ್ಲಿ ಪಳಗಿದವರು ನಮ್ಮ ವಡ್ಡರು, ಉಪ್ಪಾರರು. ಅವರ ಹೆಸರುಗಳನ್ನು ಯಾವ ಶಾಸನವೂ ಬರೆದುಕೊಳ್ಳಲಿಲ್ಲ.

ಫ್ರಾನ್ಸಿನ ದಿಜಾನ್ ಪಟ್ಟಣಕ್ಕೆ ಕುಡಿಯುವ ನೀರು ಒದಗಿಸಿದ ಹೆನ್ರಿ ಡಾರ್ಸಿ 1856ರಲ್ಲಿ ಮರಳಿನ ಮೂಲಕ ನೀರು ಜಿನುಗುವ ನಿಯಮವನ್ನು ಪ್ರಕಟಿಸಿದ. ನೀರಿನ ಮಟ್ಟದ ವ್ಯತ್ಯಾಸ ಹೆಚ್ಚಿದಷ್ಟೂ ಜಿನುಗು ಹೆಚ್ಚು, ಹಾದಿ ಉದ್ದವಾದಷ್ಟೂ ಕಡಿಮೆ. ಏರಿಯ ತಳವನ್ನು ಅಗಲಿಸುವುದೆಂದರೆ ಹಾದಿಯನ್ನು ಉದ್ದ ಮಾಡುವುದು. ಭಾರತದಲ್ಲಿ ನೀರಾವರಿ ಎಂಜಿನಿಯರುಗಳು ಈ ಪಾಠವನ್ನು ಕಲಿತದ್ದು ಪೆಟ್ಟು ತಿಂದ ಮೇಲೆ. 1898ರಲ್ಲಿ ಗಂಗಾನದಿಯ ನರೋರಾ ಅಣೆಕಟ್ಟಿನ ಒಂದು ಭಾಗ ತಳದ ಜಿನುಗಿನಿಂದ ಕುಸಿಯಿತು. ಅಂಥ ಅನುಭವಗಳ ಮೇಲೆ ಬ್ಲೈ ಎಂಬ ಎಂಜಿನಿಯರ್ 20ನೆಯ ಶತಮಾನದ ಮೊದಲ ದಶಕದಲ್ಲಿ ಒಂದು ಸರಳ ಸೂತ್ರ ಕೊಟ್ಟ: ನೀರಿನ ಎತ್ತರದ ಇಂತಿಷ್ಟು ಪಟ್ಟು ಜಿನುಗುಹಾದಿ ಇರಬೇಕು, ಗರಸಿಗೆ ಐದರಿಂದ ಒಂಬತ್ತು ಪಟ್ಟು, ದಪ್ಪ ಮರಳಿಗೆ ಹನ್ನೆರಡು, ನುಣ್ಣನೆಯದಕ್ಕೆ ಇನ್ನೂ ಹೆಚ್ಚು. ಮಾಸೂರಿನ ಏರಿಯಲ್ಲಿ ಈ ಪ್ರಮಾಣ ಸುಮಾರು ಹತ್ತು. ಬ್ಲೈನ ಸೂತ್ರ ಮರಳಿನ ಮೇಲೆ ಕೂತ ಕಟ್ಟೆಗಳಿಗೆ ಹೇಳಿದ್ದು, ಮಣ್ಣಿನ ಏರಿಗೆ ಅದನ್ನು ಹಾಗೇ ಹಚ್ಚಲಾಗದು. ಆದ್ದರಿಂದ ನಮ್ಮ ಹಿರಿಯರಿಗೆ ಎಲ್ಲವೂ ಮೊದಲೇ ಗೊತ್ತಿತ್ತು ಎಂದು ಎದೆಯುಬ್ಬಿಸುವ ಅಗತ್ಯವಿಲ್ಲ. ಜಿನುಗಿನ ಭಯ ಅವರಿಗಿತ್ತು, ಆ ಭಯದಿಂದ ಅವರು ಮಣ್ಣು ಹೊತ್ತರು ಎನ್ನಲು ಅಡ್ಡಿಯಿಲ್ಲ.

ಇನ್ನು ತೂಬು. ಏರಿ ಎಷ್ಟೇ ಗಟ್ಟಿಯಾಗಿರಲಿ, ಗದ್ದೆಗೆ ನೀರು ಬಿಡಲು ಅದರಲ್ಲೊಂದು ತೂತು ಮಾಡಲೇಬೇಕು. ಗಡಿಗೆಗೆ ತೂತು ಕೊರೆದು ಒಡೆಯದಂತೆ ಇಟ್ಟುಕೊಳ್ಳುವ ಕೆಲಸ ಅದು. ಹಳೆಯ ತೂಬುಗಳ ರಚನೆ ನಾಡಿನ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಕೆರೆಯ ಒಳಗೆ, ಏರಿಯ ಪಾದದ ಬಳಿ, ಎರಡು ಎತ್ತರದ ಕಲ್ಲುಕಂಬ. ಅವುಗಳಿಗೆ ಅಡ್ಡವಾಗಿ ಕಲ್ಲಿನ ಹಲಗೆಗಳು. ಕೆಳಗಿನ ಚಪ್ಪಡಿಯಲ್ಲಿ ದುಂಡನೆಯ ಕಣ್ಣು, ಅದಕ್ಕೆ ಮೇಲಿನಿಂದ ಇಳಿಬಿಟ್ಟ ಬಿರಡೆ. ಕಣ್ಣಿನ ಕೆಳಗೆ ಏರಿಯಡಿ ಸಾಗುವ ಕಲ್ಲಿನ ಕಾಲುವೆ. ಮದಗದ ಕೆರೆಯ ತೂಬಿನ ಕಂಬಗಳು ಏಕಶಿಲೆಯವು, ಹಲವಾರು ಟನ್ ತೂಗುವಂಥವು. ಕೆರೆಗೆ ಅದರ ತೂಬಿನ ಹೆಸರೇ ನಿಂತದ್ದು ಏಕೆಂಬುದು ಆ ಕಂಬಗಳನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಕಣ್ಣು ಸಣ್ಣದಾಗಿರುವುದು ಏಕೆ ಎಂದು ಕೇಳಬಹುದು. ಒಂದು ಗೇಣಿಗಿಂತ ಕಿರಿದಾದ, ಹದಿನೈದು ಸೆಂಟಿಮೀಟರ್ ಅಗಲದ ಕಣ್ಣು ಐದು ಮೀಟರ್ ಆಳದಲ್ಲಿದೆ ಎನ್ನಿ. ಅದರ ಬಿರಡೆಯ ಮೇಲೆ ನೀರು ಸುಮಾರು 90 ಕಿಲೋಗ್ರಾಂ ಭಾರ ಹೇರಿ ಕೂತಿರುತ್ತದೆ. ಇಬ್ಬರು ಗಟ್ಟಿಗರು ಎತ್ತಬಹುದು. ಕಣ್ಣಿನ ಅಗಲವನ್ನು ಇಮ್ಮಡಿ ಮಾಡಿದರೆ ಭಾರ ನಾಲ್ಕು ಪಟ್ಟಾಗಿ 350 ಕಿಲೋ ದಾಟುತ್ತದೆ, ಎತ್ತಲು ಆನೆಯೇ ಬೇಕು. ಆದ್ದರಿಂದ ದೊಡ್ಡದೊಂದರ ಬದಲು ಸಣ್ಣ ಕಣ್ಣುಗಳು ಹಲವು. ಇನ್ನೊಂದು ಅನುಕೂಲವೂ ಇದೆ: ಬಿರಡೆಯನ್ನು ಮೇಲಿನಿಂದ ಇಡುವುದರಿಂದ ನೀರಿನ ಭಾರವೇ ಅದನ್ನು ಬಿಗಿಯಾಗಿ ಕೂರಿಸುತ್ತದೆ. ನೀರನ್ನು ತಡೆಯಲು ನೀರನ್ನೇ ಕೆಲಸಕ್ಕೆ ಹಚ್ಚಿದ ಹಾಗಾಯಿತು.

ಕಣ್ಣಿನಿಂದ ನೀರು ಹೊರಬೀಳುವ ವೇಗದ ನಿಯಮವನ್ನು ಇಟಲಿಯ ಟೊರಿಚೆಲ್ಲಿ 1644ರಲ್ಲಿ ಪ್ರಕಟಿಸಿದ. ವೇಗ ಆಳದ ವರ್ಗಮೂಲದಂತೆ ಬದಲಾಗುತ್ತದೆ. ನಾಲ್ಕು ಮೀಟರ್ ನೀರಿದ್ದಾಗ ಸೆಕೆಂಡಿಗೆ ಸುಮಾರು ಒಂಬತ್ತು ಮೀಟರ್, ಒಂದೇ ಮೀಟರ್ ಉಳಿದಾಗ ನಾಲ್ಕೂವರೆಯ ಹತ್ತಿರ. ಕೆರೆಯ ಆಳ ಕಾಲುಭಾಗಕ್ಕೆ ಇಳಿದರೂ ಕಾಲುವೆಯ ಹರಿವು ಅರ್ಧಕ್ಕೆ ಮಾತ್ರ ಇಳಿಯುತ್ತದೆ. ಕೊನೆಯ ಸರದಿಯ ರೈತನಿಗೆ ನೀರುಗಂಟಿ ನ್ಯಾಯ ಒದಗಿಸಲು ಸಾಧ್ಯವಾಗುತ್ತಿದ್ದದ್ದರಲ್ಲಿ ಈ ವರ್ಗಮೂಲದ ಪಾಲೂ ಇದೆ.

ಇಷ್ಟೆಲ್ಲ ಇದ್ದೂ ಮದಗದ ಮಹಾಕೆರೆ ಪೂರ್ಣಗಾತ್ರದಲ್ಲಿ ಉಳಿಯಲಿಲ್ಲ. ಈಗಿರುವುದು ಹಳೆಯ ಕೆರೆಯ ಒಂದು ಅಂಶ ಮಾತ್ರ. ಗುಡ್ಡಗಳ ನಡುವಿನ ಮುಖ್ಯ ಏರಿ ಮಾತ್ರ ಇಂದಿಗೂ ನಿಂತಿದೆ. ಹಳೆಯ ಕಟ್ಟೆಗಾರರ ದುರ್ಬಲ ಜಾಗ ಸಾಮಾನ್ಯವಾಗಿ ಏರಿಯಾಗಿರಲಿಲ್ಲ, ಕೋಡಿಯಾಗಿತ್ತು. ನೂಕು ಎಷ್ಟು, ಜಿನುಗು ಎಷ್ಟು ಎಂಬುದು ವರ್ಷ ವರ್ಷ ಕಣ್ಣಿಗೆ ಕಾಣುವ ಸಂಗತಿ. ನೂರು ವರ್ಷಕ್ಕೊಮ್ಮೆ ಬರುವ ಮಳೆ ಎಷ್ಟು ಎಂಬುದು ಒಬ್ಬನ ಆಯುಸ್ಸಿನಲ್ಲಿ ತಿಳಿಯುವುದಲ್ಲ. ಕೋಡಿಯ ಮೇಲೆ ನೀರಿನ ದಪ್ಪ ಇಮ್ಮಡಿಯಾದರೆ ಹೊರಹೋಗುವ ನೀರು ಸುಮಾರು 2.8 ಪಟ್ಟಾಗುತ್ತದೆ ಎಂಬ ಲೆಕ್ಕಕ್ಕೆ ದಾರಿ ಹಾಕಿದ್ದು ಇಟಲಿಯ ಪೊಲೇನಿ, 1717ರಲ್ಲಿ. ಕೋಡಿ ಕಿರಿದಾಗಿದ್ದರೆ ನೀರು ಏರಿಯ ನೆತ್ತಿಯನ್ನು ಹತ್ತುತ್ತದೆ. ನಿಂತ ನೀರಿಗೆ ಜಗ್ಗದ ಮಣ್ಣು ಓಡುವ ನೀರಿಗೆ ಬೆಲ್ಲದಂತೆ ಕರಗುತ್ತದೆ. ಇದರ ಮೇಲೆ ಮನುಷ್ಯನ ಆಸೆ ಬೇರೆ. ಇನ್ನೊಂದು ಮೊಳ ನೀರು ನಿಲ್ಲಲಿ ಎಂದು ಕೋಡಿಗೆ ಕಲ್ಲು ನಿಲ್ಲಿಸಿ ಮಣ್ಣು ಮೆತ್ತುವುದು ನಮ್ಮ ಹಳ್ಳಿಗಳಲ್ಲಿ ಹೊಸದೇನಲ್ಲ. ಈ ಆಸೆಯನ್ನು ಅಪಾಯವಿಲ್ಲದೆ ಪೂರೈಸಲು ಹೊರಟವರು ವಿಶ್ವೇಶ್ವರಯ್ಯನವರು. ಮುಂಬಯಿ ಸರ್ಕಾರದ ಸೇವೆಯಲ್ಲಿದ್ದಾಗ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಪುಣೆಯ ಹತ್ತಿರದ ಖಡಕ್‌ವಾಸ್ಲಾದಲ್ಲಿ ಅಳವಡಿಸಲಾಯಿತು. ನೀರು ಮಿತಿ ಮೀರಿದಾಗ ಅವು ತಾವೇ ತೆರೆದುಕೊಳ್ಳುತ್ತಿದ್ದವು.

ಕೆರೆ ಏಕೆ ಒಡೆಯಿತು, ನೀರು ಏಕೆ ನಿಲ್ಲಲಿಲ್ಲ ಎಂಬುದಕ್ಕೆ ಉತ್ತರ ಸಿಗದ ಕಡೆ ಜನ ಬೇರೆ ಉತ್ತರ ಹುಡುಕಿದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಕೃಷ್ಣದೇವರಾಯ ಕಟ್ಟಿಸುತ್ತಿದ್ದ ಕೆರೆ ಎರಡು ಮೂರು ಸಲ ಒಡೆದುದನ್ನೂ, ಅದಕ್ಕಾಗಿ ಅರವತ್ತು ಮಂದಿಯನ್ನು ಬಲಿಕೊಟ್ಟುದನ್ನೂ ಬರೆದಿದ್ದಾನೆ. ಉತ್ತರ ಕರ್ನಾಟಕದಲ್ಲಿ ತಲೆಮಾರುಗಳಿಂದ ಹಾಡುತ್ತ ಬಂದ ‘ಕೆರೆಗೆ ಹಾರ’ದ ಭಾಗೀರಥಿಯ ಕಥೆ ಎಲ್ಲರಿಗೂ ಗೊತ್ತು. ಕಟ್ಟಿದ ಕೆರೆಗೆ ನೀರು ಬಾರದೆ, ಕಿರಿಯ ಸೊಸೆಯನ್ನು ಆಹುತಿ ಕೊಡುತ್ತಾರೆ. ಗರಸು ನೆಲದಲ್ಲಿ ಹೊಸದಾಗಿ ತೋಡಿದ ಕೆರೆಯಲ್ಲಿ ಮೊದಲ ಕೆಲವು ವರ್ಷ ನೀರು ನಿಲ್ಲದಿರುವುದು ಸಾಮಾನ್ಯ. ಹಳ್ಳ ಹೊತ್ತು ತಂದ ಜೇಡಿ ತಳದ ಸಂದುಗಳನ್ನು ಮುಚ್ಚಬೇಕು. ಭಾಗೀರಥಿಯ ಕೆರೆ ಅಂಥದ್ದೇ ಎಂದು ಹೇಳಲು ಹಾಡು ಇತಿಹಾಸದ ದಾಖಲೆಯಲ್ಲ. ಆದರೆ ದ್ರವದ ಗುಣ ತಿಳಿಯದೆ ಇದ್ದುದರ ಬೆಲೆಯನ್ನು ಯಾರಿಂದ ವಸೂಲು ಮಾಡಲಾಗುತ್ತಿತ್ತು ಎಂಬುದನ್ನು ಹಾಡು ಮರೆಮಾಚುವುದಿಲ್ಲ.

ಆ ಜೇಡಿಯ ವಿಷಯ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಇಂದಿನ ತಪ್ಪುಗಳು ನಡೆಯುತ್ತಿರುವುದು ಅಲ್ಲಿ. ನೀರಿನಲ್ಲಿ ಮುಳುಗುವ ಕಣದ ವೇಗ ಅದರ ಅಡ್ಡಗಲದ ವರ್ಗವನ್ನು ಅವಲಂಬಿಸುತ್ತದೆ ಎಂದು 1851ರಲ್ಲಿ ಸ್ಟೋಕ್ಸ್ ತೋರಿಸಿದ. ಮಿಲಿಮೀಟರಿನ ಹತ್ತನೆಯ ಒಂದರಷ್ಟಿರುವ ನಯವಾದ ಮರಳು ಒಂದು ಮೀಟರ್ ಇಳಿಯಲು ಎರಡು ನಿಮಿಷ ಸಾಕು. ಅದರ ಐವತ್ತನೆಯ ಒಂದರಷ್ಟಿರುವ ಜೇಡಿಗೆ ಮೂರು ದಿನಕ್ಕೂ ಹೆಚ್ಚು ಬೇಕು. ಆದ್ದರಿಂದ ಹಳ್ಳ ಕೆರೆಗೆ ಸೇರುವ ಬಾಯಲ್ಲಿ ಮರಳು ಕೂರುತ್ತದೆ, ನುಣ್ಣನೆಯ ಗೋಡು ಏರಿಯವರೆಗೂ ತೇಲಿ ಬಂದು ಇಳಿಯುತ್ತದೆ. ಬೇಸಿಗೆಯಲ್ಲಿ ರೈತರು ಬಂಡಿ ಹೂಡಿ ಈ ಕೆರೆಗೋಡನ್ನು ಹೊಲಕ್ಕೆ ಸಾಗಿಸುತ್ತಿದ್ದರು. ಹೂಳೂ ಹೋಯಿತು, ಹೊಲಕ್ಕೆ ಗೊಬ್ಬರವೂ ಆಯಿತು. ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ ಎಂದು ಶಾಸನಗಳು ಹೇಳುವ ದತ್ತಿಗಳೆಲ್ಲ ಇಂಥ ನಿರಂತರ ಕೆಲಸದ ಸುತ್ತ ಬೆಳೆದ ವ್ಯವಸ್ಥೆ. ಕೆರೆ ಕಟ್ಟುವುದಕ್ಕೆ ಒಮ್ಮೆ, ಅದನ್ನು ಉಳಿಸುವುದಕ್ಕೆ ಪ್ರತಿ ವರ್ಷ ಎಂಬ ಲೆಕ್ಕ ಅವರದು. ವಸಾಹತು ಆಡಳಿತದಲ್ಲಿ ಹೊಣೆ ಇಲಾಖೆಗಳಿಗೆ ಸರಿಯಿತು. ಊರು ಕೆರೆಯಿಂದ ಕೈ ತೊಳೆದುಕೊಂಡಿತು. ರಾಜ್ಯದಲ್ಲಿ ಇರುವ 36 ಸಾವಿರಕ್ಕೂ ಹೆಚ್ಚು ಕೆರೆಗಳಲ್ಲಿ ಕೆಲವನ್ನಾದರೂ ಮತ್ತೆ ಊರವರ ಕೈಗೆ ಕೊಡಲು 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಒಂದು ಯೋಜನೆ ಆರಂಭವಾಗಿ, ಹಾವೇರಿ ಜಿಲ್ಲೆಯೂ ಅದರಲ್ಲಿ ಸೇರಿತ್ತು.

ಈಗ ಹೂಳೆತ್ತುವುದು ಯಂತ್ರ. ಒಂದು ವಾರದಲ್ಲಿ ಹಿಂದಿನ ಹತ್ತು ವರ್ಷದ ಕೆಲಸ ಮುಗಿಯುತ್ತದೆ. ಚಾಲಕನಿಗೆ ಎಲ್ಲಿ ನಿಲ್ಲಿಸಬೇಕೆಂದು ಹೇಳುವವರಿಲ್ಲದಿದ್ದರೆ ಗೋಡಿನ ಜೊತೆ ಅದರಡಿಯ ಜೇಡಿಯ ಹಾಸನ್ನೂ ಕೆದರಿ ಗರಸು ತೆರೆದುಬಿಡುತ್ತಾನೆ. ಶತಮಾನಗಳು ಮುಚ್ಚಿದ ಸಂದುಗಳು ಒಂದು ಮಧ್ಯಾಹ್ನದಲ್ಲಿ ಬಾಯ್ದೆರೆಯುತ್ತವೆ. ಏರಿಯ ಪಾದದ ಬಳಿಯೇ ಆಳಕ್ಕೆ ತೋಡಿದರಂತೂ ಜಿನುಗುಹಾದಿ ಗಿಡ್ಡವಾಗುತ್ತದೆ. ಕೆರೆ ಆಳವಾಯಿತು ಎಂದು ಸಂತೋಷಪಡುವ ಹೊತ್ತಿಗೆ ಏರಿ ತೆಳುವಾಗಿರುತ್ತದೆ.

ಇನ್ನೊಂದು ಹೊಸ ಸನ್ನಿವೇಶವೂ ಇದೆ. ನದಿಗಳಿಂದ ಪಂಪುಗಳ ಮೂಲಕ ಕೆರೆ ತುಂಬಿಸುವ ಯೋಜನೆಗಳು ಈ ಜಿಲ್ಲೆಯಲ್ಲಿ ಬಂದಿವೆ. ಬರಪೀಡಿತ ಸೀಮೆಗೆ ಇದು ವರವೇ ಸರಿ. ಆದರೆ ವರ್ಷಾನುಗಟ್ಟಲೆ ಒಣಗಿ ನಿಂತ ಎರೆಮಣ್ಣಿನ ಏರಿ ಬಿರುಕು ಬಿಟ್ಟಿರುತ್ತದೆ. ಬಳ್ಳಾರಿ ಜಾಲಿಯ ಬೇರು ಒಳಹೊಕ್ಕಿರುತ್ತದೆ, ಹೆಗ್ಗಣ ಬಿಲ ತೋಡಿರುತ್ತದೆ. ಜಾಲಿಯ ಬೇರು ಸತ್ತು ಕೊಳೆತರೆ ಉಳಿಯುವುದು ಒಂದು ಸಿದ್ಧ ಕೊಳವೆ. ಮಳೆಗಾಲದ ಹಳ್ಳ ನಿಧಾನವಾಗಿ ತುಂಬಿಸುತ್ತಿದ್ದ ಕೆರೆಯನ್ನು ಪಂಪು ತಿಂಗಳುಗಟ್ಟಲೆ ತುಂಬಿದ ಮಟ್ಟದಲ್ಲೇ ಇಟ್ಟರೆ, ಒಣಗಿ ಬಿರಿದ ಆ ಮಣ್ಣು ಬಿಡುವಿಲ್ಲದೆ ನೀರು ಕುಡಿಯಬೇಕಾಗುತ್ತದೆ. ಪಂಪು ತರುವ ಮೊದಲು ಏರಿಯನ್ನು ನೋಡುವ ಶಿಸ್ತು ಎಲ್ಲ ಕಡೆ ಇದೆ ಎಂದು ನನಗೆ ಅನ್ನಿಸುವುದಿಲ್ಲ.

ನೀರಾವರಿಯ ಬೇರೊಂದು ದೋಷಕ್ಕೆ ಮೇಲ್ಮೈ ಎಳೆತ ಕಾರಣ. ಲಾಟೀನಿನ ಬತ್ತಿಯಲ್ಲಿ ಎಣ್ಣೆ ಏರುವಂತೆ ಎರೆಮಣ್ಣಿನ ಸೂಕ್ಷ್ಮ ಸಂದುಗಳಲ್ಲಿ ನೀರು ಮೇಲೇರುತ್ತದೆ. ಅಂತರ್ಜಲ ಮೇಲೆ ಬಂದ ಕಡೆ ಅದು ಉಪ್ಪನ್ನೂ ಹೊತ್ತು ತಂದು, ತಾನು ಆವಿಯಾಗಿ, ಉಪ್ಪನ್ನು ನೆಲದ ಮೇಲೆ ಬಿಟ್ಟುಹೋಗುತ್ತದೆ. ಪೋರುಮಾಮಿಳ್ಳದ ಶಾಸನ ಹೆಸರಿಸುವ ಚೌಳು, ಈ ಹಾದಿಯಲ್ಲಿ ತುಂಗಭದ್ರಾ ಯೋಜನೆಯ ಅಚ್ಚುಕಟ್ಟಿನ ಕೆಲವು ಭಾಗಗಳಲ್ಲಿ ಇಂದು ಸಾವಿರಾರು ಎಕರೆಯ ಸಮಸ್ಯೆ.

ದೊಡ್ಡ ಅಣೆಕಟ್ಟುಗಳಿಗೂ ಈ ಹಳೆಯ ಲೆಕ್ಕಗಳಿಂದ ಬಿಡುಗಡೆಯಿಲ್ಲ. ರಾಣೆಬೆನ್ನೂರಿನ ಸೀಮೆಯನ್ನು ದಾಟಿ ಹೋಗುವ ತುಂಗಭದ್ರೆಗೆ ಹೊಸಪೇಟೆಯ ಬಳಿ ಕಟ್ಟಿದ ಜಲಾಶಯದಲ್ಲಿ 33 ಕ್ರೆಸ್ಟ್ ಗೇಟುಗಳಿವೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. 60 ಅಡಿ ಅಗಲ, 20 ಅಡಿ ಎತ್ತರದ ಅಂಥ ಗೇಟನ್ನು ತುಂಬಿದ ನೀರು ನೂಕುವ ಬಲ ಸುಮಾರು 340 ಟನ್. ಉಳಿದ ಗೇಟುಗಳನ್ನೂ ತೆರೆದು ಒತ್ತಡ ಇಳಿಸಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸುವಷ್ಟರಲ್ಲಿ ಒಂದು ವಾರ ಕಳೆದು, ರೈತರ ಬೆಳೆಗೆಂದು ನಿಂತಿದ್ದ ಅಪಾರ ನೀರು ನದಿ ಪಾಲಾಯಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದುಡಿದ ಸರಪಳಿ ಅದು.

ಹಳೆಯ ನೀರುಗಂಟಿಗಳಿಗೆ ಈ ಟನ್ನುಗಳ ಲೆಕ್ಕ ತಿಳಿಯದು. ಮಳೆ ಹಿಡಿದ ದಿನಗಳಲ್ಲಿ ಅವರು ಏರಿಯ ನೆತ್ತಿಗಿಂತ ಹೆಚ್ಚಾಗಿ ನೋಡುತ್ತಿದ್ದದ್ದು ಆಚೆ ಮಗ್ಗುಲಿನ ಪಾದವನ್ನು. ಎಲ್ಲಿ ಹುಲ್ಲು ಬೇಸಿಗೆಯಲ್ಲೂ ಹಸಿರಾಗಿದೆ, ಎಲ್ಲಿ ಕಾಲು ಹೂತುಕೊಳ್ಳುತ್ತದೆ ಎಂಬುದು ಅವರಿಗೆ ಬಾಯಿಪಾಠವಾಗಿರುತ್ತಿತ್ತು. ಜಿನುಗು ಎಲ್ಲ ಏರಿಗಳಲ್ಲೂ ಇರುತ್ತದೆ. ಹೊರಬರುವ ನೀರು ತಿಳಿಯಾಗಿದ್ದರೆ ಏರಿಯ ಮಣ್ಣು ಇದ್ದಲ್ಲೇ ಇದೆ, ಮನೆಗೆ ಹೋಗಿ ಮಲಗಬಹುದು. ಕದಡಿಕೊಂಡು ಬರತೊಡಗಿತೋ, ಏರಿ ಒಳಗಿನಿಂದ ಹೊರಟಿದೆ ಎಂದರ್ಥ. ಆಗ ಅವರು ತಮಟೆ ಹೊಡೆಸಿ, ಮಲಗಿದ್ದ ಊರನ್ನು ಎಬ್ಬಿಸಿ, ಮರಳು, ಕಲ್ಲು, ಹುಲ್ಲಿನ ಹೊರೆ ಹೊರಿಸಿಕೊಂಡು ರಾತ್ರಿಯೇ ಏರಿಯ ಬುಡಕ್ಕೆ ಓಡುತ್ತಿದ್ದರು.